ಗಾಜಿನ ಇಟ್ಟಿಗೆಯ ಆ ಬದಿಯ ಉಚ್ಚಮ್ಮ

ಗಾಜಿನಲ್ಲೂ ಇಟ್ಟಿಗೆ ಮಾಡುತ್ತಾರೆಂದು ನಾನು ಮೊದಲು ಕೇಳಿದ್ದು ಗಾರೆ ಕೆಲಸದ ದುರುಗಣ್ಣನ ಬಾಯಲ್ಲಿ. ಆಲೂರಿನ ನಮ್ಮ ಮನೆಯ ಮಾಳಿಗೆ ಸೋರುತ್ತಿತ್ತು, ಅದನ್ನು ನೋಡಲು ಬಂದಿದ್ದ. ಆದೋನಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಕಿಟಕಿಯ ಬದಲು ಗಾಜಿನ ಇಟ್ಟಿಗೆ ಕೂರಿಸಿ ಬಂದೆ ಅಂದ.

"ಬೆಳಕು ಬರ್ತೈತಿ ಅವ್ವಾ, ಮಂದಿ ಕಣ್ಣು ಬರಂಗಿಲ್ಲ."

ಗೋಡೆಯೇ ಗಾಜಾದರೆ ಕ್ಯಾಲೆಂಡರಿಗೆ ಮೊಳೆ ಎಲ್ಲಿ ಹೊಡೆಯಬೇಕು ಎಂದು ಕೇಳಿದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. ಕಟ್ಟೆಯ ಮೇಲೆ ಕೂತಿದ್ದ ಉಚ್ಚಮ್ಮ ಮಾತ್ರ ಸೂಜಿ ನಿಲ್ಲಿಸಿ, ಅಲ್ಲಿ ಇಟ್ಟಿಗೆ ಏನಾದರೂ ಮಿಕ್ಕಿವೆಯೇ ಎಂದು ಮೆಲ್ಲಗೆ ಕೇಳಿದಳು.

ಉಚ್ಚಮ್ಮ ನಮ್ಮ ಹಿಂದಿನ ಮನೆಯವಳು, ಗೋನೆಗಂಡ್ಲದಿಂದ ಸೊಸೆಯಾಗಿ ಬಂದವಳು. ಗಂಡ ಮೂಕಪ್ಪ ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಮೂಟೆ ಹೊರುತ್ತಿದ್ದ. ಅವನು ತೀರಿಕೊಂಡ ಮೇಲೆ ಕೌದಿ ಹೊಲಿದೇ ಮಗಳು ಮಂಗಳಾಳನ್ನು ದೊಡ್ಡವಳನ್ನಾಗಿ ಮಾಡಿದಳು. ಹಳೆ ಸೀರೆ ಕೊಟ್ಟರೆ ಸಾಕು, ಇದು ನಿನ್ನ ನಾದಿನಿ ಮದುವೆಯದು, ಇದು ನಿನ್ನ ಮೊದಲ ಬಾಣಂತನದ್ದು ಎಂದು ಹೇಳಿಬಿಡುತ್ತಿದ್ದಳು. ಅವಳ ಹೊಲಿಗೆ ಇರುವೆ ಸಾಲಿನಂತೆ ಒಂದರ ಹಿಂದೆ ಒಂದು, ನೇರ.

ಇಷ್ಟು ಚೆಂದ ಹೊಲಿಯುವವಳು ಬೀದಿ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತು ಹೊಲಿಯುತ್ತಿದ್ದುದು ನನ್ನ ದೆಸೆಯಿಂದ. ಅವಳ ಒಳಕೋಣೆಯ ಗೋಡೆ ನಮ್ಮ ಹಿತ್ತಲಿಗೆ ಹತ್ತಿಕೊಂಡಿದೆ. ಆ ಕೋಣೆಗೆ ಇದ್ದ ಒಂದೇ ಕಿಟಕಿ ನಮ್ಮ ಬಚ್ಚಲು ಕಲ್ಲಿನ ಕಡೆಗೆ ತೆರೆಯುತ್ತಿತ್ತು. ನಾನು ಹೊಸ ಸೊಸೆಯಾಗಿ ಬಂದಾಗ ಹಠ ಹಿಡಿದು, ಮೂರು ದಿನ ಮೀಯದೆ ಕೂತು, ಅದನ್ನು ಕಲ್ಲು ಮಣ್ಣಿನಿಂದ ಮುಚ್ಚಿಸಿದೆ. ಆಮೇಲೆ ನಮ್ಮ ಮನೆಯೊಳಗೇ ಬಾತ್‌ರೂಮು ಬಂತು. ಬಚ್ಚಲು ಕಲ್ಲು ಕಿತ್ತು ಎಸೆದೆವು. ಕಿಟಕಿ ತೆಗೆಯಲು ಮಾತ್ರ ನಾನು ಬಿಡಲಿಲ್ಲ. ಬಚ್ಚಲು ಹೋದರೂ ನನ್ನ ಮಾನ ಅಲ್ಲೇ ಕೂತಿತ್ತು.

ಹನ್ನೆರಡು ಇಟ್ಟಿಗೆ ಮಿಕ್ಕಿದ್ದವು. ದುರುಗಣ್ಣ ಗೋಣಿಚೀಲದಲ್ಲಿ ಸುತ್ತಿ ತಂದ. ನಾನು ಒಪ್ಪಿದರೆ ಮಾತ್ರ ಎಂದು ಉಚ್ಚಮ್ಮ ನಮ್ಮ ಬಾಗಿಲಲ್ಲಿ ನಿಂತಳು. ಆಗ ಅವಳಿಗೆ ಸೂಜಿಗೆ ದಾರ ಪೋಣಿಸಲು ಮೂರು ನಾಲ್ಕು ಸಲ ಬೇಕಾಗುತ್ತಿತ್ತು. ಪರೀಕ್ಷೆ ಮಾಡಿಯೇ ಒಪ್ಪುತ್ತೇನೆ ಎಂದೆ. ಹಳೆ ಕಿಟಕಿಯ ಜಾಗದಲ್ಲಿ ಕೂರಿಸಿದ ಮೇಲೆ ನಮ್ಮ ಹಿತ್ತಲಿನ ಬಿಸಿಲಿನಲ್ಲಿ ನಿಂತು ಗಾಜಿಗೆ ಮುಖ ಒತ್ತಿ ನೋಡಿದೆ. ನನ್ನ ಮೂಗೇ ನಾಲ್ಕಾಗಿ ಕಂಡಿತು. ಆ ಕಡೆಯ ಉಚ್ಚಮ್ಮ ಕಾಣಲೇ ಇಲ್ಲ. ನನಗೆ ಅವಳು ಕಾಣದ ಮೇಲೆ ಅವಳಿಗೂ ನಾನು ಕಾಣುವುದಿಲ್ಲ ಎಂದು ತೀರ್ಮಾನ ಮಾಡಿ ಕೇರಿಯವರಿಗೆಲ್ಲ ಹೇಳಿ ಬಂದೆ. ಬಿಸಿಲಿನಲ್ಲಿ ನಿಂತು ಕತ್ತಲೊಳಗೆ ಇಣುಕಿದರೆ ಯಾರಿಗೆ ಏನು ಕಂಡೀತು? ಆ ಕಡೆ ಹೋಗಿ ಒಮ್ಮೆ ನೋಡಬೇಕಿತ್ತು. ಹೋಗಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಸೋಮವಾರ ಒಪ್ಪತ್ತು. ಸಂಜೆ ಪೂಜೆಯಾಗುವವರೆಗೆ ಬಾಯಿಗೆ ಏನೂ ಹೋಗುವಂತಿಲ್ಲ. ಮದುವೆಯಾದ ವರ್ಷದಿಂದ ತಪ್ಪಿಸಿಲ್ಲ ಎಂದು ಸೊಸೆ ಗಂಗೋತ್ರಿಗೆ ನೂರು ಸಲ ಹೇಳಿದ್ದೇನೆ. ಆದರೆ ಯಜಮಾನರು ತೀರಿಹೋದ ಮೇಲೆ ಹನ್ನೊಂದು ಗಂಟೆಗೆ ಹೊಟ್ಟೆ ಮಾತು ಕೇಳುತ್ತಿರಲಿಲ್ಲ. ಮೂಲೆಯ ಹೋಟೆಲಿನಿಂದ ಮಂಡಕ್ಕಿ ಒಗ್ಗಾಣಿ, ಎರಡು ಮೆಣಸಿನಕಾಯಿ ಬಜ್ಜಿ ಸೆರಗಿನಲ್ಲಿ ತಂದು ತಿನ್ನಲು ಸೊಸೆಗೆ ಕಾಣದ ಜಾಗ ಬೇಕಿತ್ತು. ಅಂಥ ಜಾಗ ಇದ್ದದ್ದು ಒಂದೇ: ಗಾಜಿನ ಇಟ್ಟಿಗೆಯ ಮುಂದೆ.

ಆ ಕಡೆ ಉಚ್ಚಮ್ಮನ ಹೊಲಿಗೆ, ಈ ಕಡೆ ನನ್ನ ಬಜ್ಜಿ, ಆರು ವರ್ಷ ಹೀಗೇ ನಡೆಯಿತು. ಒಂದು ಸೋಮವಾರ ಗುಡಿಯ ಮೆಟ್ಟಿಲ ಮೇಲೆ ನಾಲ್ಕು ಹೆಂಗಸರ ಮುಂದೆ, ಒಂದು ಗುಟುಕು ನೀರೂ ಕುಡಿದಿಲ್ಲ ಎಂದು ನಿಟ್ಟುಸಿರು ಬಿಟ್ಟೆ. ಆ ನಾಲ್ವರಲ್ಲಿ ಉಚ್ಚಮ್ಮನೂ ಇದ್ದಳು. ಮನೆಗೆ ಬರುವಾಗ ದಾರಿಯಲ್ಲಿ ನಕ್ಕಳು.

"ಅಕ್ಕಾ, ಇವತ್ತು ಕೈ ಹನ್ನೊಂದು ಸಲ ಮ್ಯಾಲೆ ಹೋತು. ಹೋದ ಸೋಮವಾರ ಒಂಬತ್ತೇ."

ಗಾಜಿನ ಆ ಕಡೆಯಿಂದ ಮುಖ ಮೂಗು ಏನೂ ಕಾಣುವುದಿಲ್ಲವಂತೆ. ನನ್ನ ಸೀರೆ ಒಂದು ನೀಲಿ ಮೋಡವಾಗಿ ಬಂದು ಕೂತು, ಅದರಿಂದ ಒಂದು ತುಂಡು ಮೇಲೆ ಕೆಳಗೆ ಆಡುತ್ತದಂತೆ. ಆರು ವರ್ಷ ಯಾರಿಗೂ ಬಾಯಿ ಬಿಡದವಳಿಗೆ ನಾನು ಕೈ ಮುಗಿಯಬೇಕಿತ್ತು. ನಾನು ಮಾಡಿದ್ದು ಬೇರೆ. ಮರುದಿನವೇ ಒಂದು ಹಳೆ ಕೌದಿ ತೆಗೆದು ಗಾಜಿನ ಮೇಲೆ ಇಳಿಬಿಟ್ಟೆ. ಆ ಕೌದಿಯನ್ನು ಹೊಲಿದುಕೊಟ್ಟವಳೂ ಅವಳೇ.

ಉಚ್ಚಮ್ಮ ಚಾಪೆ ಎತ್ತಿಕೊಂಡು ಮತ್ತೆ ಬೀದಿ ಕಟ್ಟೆಗೆ ಬಂದಳು. ಅವಳ ಇರುವೆ ಸಾಲು ಸೊಟ್ಟಗಾಯಿತು. ಅದು ಕಂಡೂ ನಾನು ಮಾನದ ಮಹಾರಾಣಿ ಕೌದಿ ತೆಗೆಯಲಿಲ್ಲ.

ಈ ಯುಗಾದಿ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಗಂಟಲಲ್ಲಿ ಅನ್ನ ಇಳಿಯದು, ಗಂಜಿ ಮಾತ್ರ. ಮಂಗಳಾ ಬಂದು, ಅವ್ವ ಗೋಡೆ ಕಡೆಗೇ ಮುಖ ಮಾಡಿ ಮಲಗಿದ್ದಾಳೆ, ಹಗಲಲ್ಲೂ ಲೈಟು ಹಾಕಬೇಕು ಎಂದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಹಿತ್ತಲಿಗೆ ಹೋಗಿ ಕೌದಿ ಕಿತ್ತೆ. ಸೆರಗಿನಿಂದ ಗಾಜಿನ ಧೂಳು ಒರೆಸಿದೆ.

ಆಮೇಲೆ ಮೊದಲ ಸಲ ಆ ಕಡೆಯಿಂದ ನೋಡಲು ಹೋದೆ. ಅವಳ ಹೊದಿಕೆಯ ಮೇಲೆ ಬೆಳಕಿನ ಹನ್ನೆರಡು ಚೌಕ ಬಿದ್ದಿದ್ದವು. ಗಾಜಿನಲ್ಲಿ ನಮ್ಮ ಹಿತ್ತಲಿನ ಬಾಳೆಗಿಡ ಹಸಿರು ಕಲೆಯಾಗಿ ಅಲ್ಲಾಡುತ್ತಿತ್ತು. ಬೆಳಕು ಸಾಕೇ ಎಂದು ಕೇಳಿದೆ.

"ಬೆಳಕು ಬಂತಕ್ಕಾ," ಎಂದಳು. ದನಿ ದಾರದಷ್ಟು ಸಣ್ಣಗಾಗಿತ್ತು. "ಬರೇ ಬೆಳಕು ತಗೊಂಡು ಏನ್ ಮಾಡ್ಲಿ? ಸೋಮವಾರ ಅಲ್ಲೇ ಬಂದು ಕುಂದ್ರು. ನೀನು ತಿನ್ನೋದು ಕಂಡ್ರ ನಾನೂ ಉಂಡಂಗ ಆಗ್ತೈತಿ. ಸಾವಕಾಶ ತಿನ್ನು ಮತ್ತ. ಲಗೂ ಲಗೂ ತಿಂದ್ರ ನಂಗ ಎಣಿಕಿ ತಪ್ತೈತಿ."