ಮುಚ್ಚಬೇಡ, ಮಲಗಿಸು

ಅತ್ತೆಯ ಬಲಗೈ ತೋರುಬೆರಳಿನ ಗೆಣ್ಣಿನ ಕೆಳಗೆ ಒಂದು ಸಣ್ಣ ಕಾಲುವೆ ಇತ್ತು. ಗಾಯದ ಗುರುತಲ್ಲ ಅದು. ವರ್ಷಗಟ್ಟಲೆ ಪಾರ್ಸೆಲ್ ಪೊಟ್ಟಣಗಳಿಗೆ ನೂಲು ಸುತ್ತಿ, ಬಿಗಿದು, ಕತ್ತರಿ ಮುಟ್ಟದೆ ಬೆರಳಿನಲ್ಲೇ ತುಂಡು ಮಾಡಿದ್ದರಿಂದ ಬಿದ್ದದ್ದು. ಆಮೇಲೆ ಡಬ್ಬಿಗಳು ಬಂದವು, ಚೀಲಗಳು ಬಂದವು, ನೂಲಿನ ಉಂಡೆ ಅಟ್ಟ ಸೇರಿತು. ಕಾಲುವೆ ಮಾತ್ರ ತುಂಬಲಿಲ್ಲ. ಅದೇ ಬೆರಳಿನಿಂದ ಅತ್ತೆ ಮೌಸ್ ಒತ್ತುತ್ತಿದ್ದರು, ಕೌಂಟರಿನ ಮೇಲಿದ್ದ ಸೋಂಪಿನ ತಟ್ಟೆ ಅಲುಗುವಷ್ಟು ಜೋರಾಗಿ.

ಅವರು ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಉಡುಪಿಯ ಕಡೆಯಿಂದ ಚೆನ್ನೈಗೆ ಬಂದವರು. ನುಂಗಂಬಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದ ಚಿಕ್ಕಪ್ಪ, ಅಂದರೆ ಅವರ ಕಿರಿಯ ತಮ್ಮ, "ನಾಲ್ಕು ದಿನ ಇದ್ದು ಹೋಗಿ ಅಕ್ಕ" ಎಂದು ಕರೆದುಕೊಂಡು ಬಂದಿದ್ದರಂತೆ. ಐದನೆಯ ದಿನ ಅತ್ತೆ ಸೆರಗು ಸಿಕ್ಕಿಸಿಕೊಂಡು ಪಾರ್ಸೆಲ್ ಕೌಂಟರಿನ ಹಿಂದೆ ನಿಂತರು. ಅಲ್ಲಿಂದ ಇಪ್ಪತ್ತೆರಡು ವರ್ಷ ಅವರನ್ನು ಕದಲಿಸಲು ಯಾರಿಂದಲೂ ಆಗಲಿಲ್ಲ. ಪ್ರಯತ್ನ ನಡೆಯಿತು, ಇಲ್ಲವೆಂದಲ್ಲ. ಆ ಕತೆಯನ್ನೇ ಹೇಳಲು ಹೊರಟಿದ್ದೇನೆ.

ನಾನು ಇಲ್ಲೇ ಹುಟ್ಟಿ ತಮಿಳು ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ನನಗೆ ರೂಢಿ. ಶಾಲೆ ಬಿಟ್ಟು ಹೋಟೆಲಿಗೆ ಬಂದು "ಅತ್ತೆ, ಒರು ಬೋಂಡಾ" ಎಂದರೆ ಅತ್ತೆಗೆ ಕಿವಿಯೇ ಕೇಳುತ್ತಿರಲಿಲ್ಲ. ಹಿಂದೆ ನಿಂತ ಗಿರಾಕಿಗಳಿಗೆಲ್ಲ ಕೊಟ್ಟು ಕಳಿಸುತ್ತಿದ್ದರು. ನಾನು ಹಲ್ಲು ಕಚ್ಚಿ "ಒಂದು ಬೋಂಡ ಕೊಡಿ" ಎಂದ ಮೇಲೆ ಎರಡು ಕೊಡುತ್ತಿದ್ದರು. ಈಗ ಇಷ್ಟುದ್ದ ಕನ್ನಡದಲ್ಲಿ ಬರೆಯುತ್ತಿದ್ದೇನಲ್ಲ, ಇದರ ಹಿಂದೆ ಇರುವುದು ಆ ಎರಡನೆಯ ಬೋಂಡ.

ಮನೆ ಬಾಗಿಲಿಗೆ ತಿಂಡಿ ಮುಟ್ಟಿಸುವ ಆ್ಯಪುಗಳು ಬಂದಾಗ ಕೌಂಟರಿನ ಕೆಳಗೆ ಒಂದು ಕಂಪ್ಯೂಟರ್ ಬಂತು. ಆಗಲೇ ಹಳೆಯದು, ನಾಲ್ಕು ಜಿಬಿ ಮೆಮೊರಿ. ಆರ್ಡರುಗಳು ಬ್ರೌಸರಿನ ಒಂದು ಪುಟದಲ್ಲಿ ಗಂಟೆ ಬಾರಿಸಿಕೊಂಡು ಬರುತ್ತಿದ್ದವು. ಅತ್ತೆ ಒಂದೇ ವಾರದಲ್ಲಿ ಕಲಿತರು. ಮೂರು ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಅದು ಎಳೆಯತೊಡಗಿತು. ಒಂದು ಆರ್ಡರ್ ತೆರೆಯಲು ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಡೆಲಿವರಿಯವರು "ಅಮ್ಮಾ, ರೆಡಿಯಾ ಅಮ್ಮಾ" ಎಂದು ಕುತ್ತಿಗೆ ಚಾಚುತ್ತಿದ್ದರು. ಚಿಕ್ಕಪ್ಪ ಅದನ್ನೆಲ್ಲ ದೂರದಿಂದ ನೋಡಿ ಒಂದು ತೀರ್ಮಾನಕ್ಕೆ ಬಂದರು: ಒಂದನೇ ತಾರೀಕಿನಿಂದ ಹೊಸ ಕಂಪ್ಯೂಟರ್, ಅದರ ಮುಂದೆ ಹೊಸ ಜನ. ಅಕ್ಕ ಮಾಧವರಂನಲ್ಲಿ, ತಮ್ಮನ ಮನೆಯಲ್ಲಿ, ವಿಶ್ರಾಂತಿ ತಗೊಳ್ಳಲಿ.

ಚಿಕ್ಕಪ್ಪ ಕೆಟ್ಟವರಲ್ಲ. ಅಕ್ಕನ ಮೇಲೆ ಪ್ರೀತಿ ಇದ್ದವರೇ. ಆದರೆ ವಯಸ್ಸಾದವರಿಗೆ ತೋರಿಸುವ ಪ್ರೀತಿಯಲ್ಲಿ ಹೊರಕ್ಕೆ ದಬ್ಬುವ ಕೈಯೊಂದು ಅಡಗಿರುತ್ತದೆ, ಅದನ್ನು ನಾನು ಆಗಲೂ ಸಹಿಸಲಿಲ್ಲ, ಈಗಲೂ ಸಹಿಸುವುದಿಲ್ಲ.

ಅತ್ತೆ ನನಗೆ ಫೋನ್ ಮಾಡಿದರು. ನಾನು ಪೋರೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿಯ ಕೆಲಸದಲ್ಲಿದ್ದೇನೆ, ಬೇರೆಯವರ ಯಂತ್ರ ಕೈಕೊಟ್ಟಾಗ ನನ್ನನ್ನು ಕರೆಯುತ್ತಾರೆ.

"ಭಾನುವಾರ ಬಾ," ಎಂದರು. "ನಿಧಾನ ಆದದ್ದು ನಾನಾ, ಇದಾ ಅಂತ ನೋಡಿ ಹೇಳು. ನಾನೇ ಅಂತಾದ್ರೆ ಮರುದಿನವೇ ಮನೆಯಲ್ಲಿ ಕೂರ್ತೇನೆ. ಸುಳ್ಳು ಮಾತ್ರ ಹೇಳ್ಬೇಡ."

ಹೋಗಿ ನೋಡಿದೆ. ಬ್ರೌಸರಿನಲ್ಲಿ ಇಪ್ಪತ್ತಾರು ಟ್ಯಾಬ್. ಗ್ಯಾಸ್ ಬುಕಿಂಗ್, ಹಾಲಿನ ಆರ್ಡರ್, ಮದುವೆ ಊಟ ಕೇಳಿದವರ ಮೇಲ್, ಮಳೆಯ ನಕ್ಷೆ, ಏಕಾದಶಿ ಯಾವತ್ತು ಎಂದು ನೋಡುವ ಪಂಚಾಂಗ. ಏಕಾದಶಿಯ ದಿನ ಉಪ್ಪಿಟ್ಟಿನ ಪಾರ್ಸೆಲ್ ಜಾಸ್ತಿ, ಅದಕ್ಕೆ. ಒಂದಕ್ಕೊಂದು ಒತ್ತಿಕೊಂಡು ಹೆಸರೇ ಕಾಣದೆ ಬರೀ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಒಟ್ಟಿಗೆ ಮೆಮೊರಿ ತಿನ್ನುತ್ತಿದ್ದವು.

"ಇವ್ಳೋ ಟ್ಯಾಬ್ ಯಾಕೆ ಅತ್ತೆ? ಕ್ಲೋಸ್ ಮಾಡಿ."

"ಇವ್ಳೋ ಅಲ್ಲ, ಇಷ್ಟು. ಮುಚ್ಚಿದ್ರೆ ಮತ್ತೆ ಅಲ್ಲೇ ಸಿಗ್ತದೆ ಅಂತ ನೀನು ಬರ್ದು ಕೊಡ್ತೀಯಾ? ಹೋದ ತಿಂಗಳು ಹಾಲಿನ ಪುಟ ಮುಚ್ಚಿ ಅರ್ಧ ದಿನ ಹುಡುಕಿದ್ದೇನೆ."

"ಸರಿ. ನಿಧಾನ ಆಗಿದ್ದು ನೀವಲ್ಲ," ಎಂದೆ. ಅತ್ತೆಯ ಮುಖ ನೋಡಬೇಕಿತ್ತು. ನಗಲಿಲ್ಲ. ಗಲ್ಲ ಮಾತ್ರ ಒಂದಿಷ್ಟು ಮೇಲೆ ಬಂತು.

ಸೆಟ್ಟಿಂಗ್ಸಿಗೆ ಹೋಗಿ ಮೆಮೊರಿ ಉಳಿಸುವ ಗುಂಡಿ ಒತ್ತಿದೆ. ಬಹಳ ಹೊತ್ತು ಮುಟ್ಟದೆ ಬಿಟ್ಟ ಟ್ಯಾಬನ್ನು ಅದು ತಾನಾಗಿ ಮಲಗಿಸುತ್ತದೆ, ಮುಚ್ಚುವುದಿಲ್ಲ, ಇದ್ದಲ್ಲೇ ಇರುತ್ತದೆ, ಒತ್ತಿದರೆ ಎದ್ದು ಬರುತ್ತದೆ ಎಂದು ವಿವರಿಸಿದೆ. ಅತ್ತೆಗೆ ಆ ಮಾತು ಹಿಡಿಸಿತು. "ಮುಚ್ಚೂದಲ್ಲ, ಮಲಗಿಸೂದು," ಎಂದು ಎರಡು ಸಲ ಹೇಳಿಕೊಂಡರು. ಯಂತ್ರ ಹಗುರಾಯಿತು, ಹತ್ತು ಗಂಟೆಯ ಆರ್ಡರುಗಳು ಸರಸರ ತೆರೆದವು. ನಾನು ಬೀಗುತ್ತಾ ಒಳಗೆ ಹೋಗಿ ಊಟಕ್ಕೆ ಕೂತೆ.

ಸಾರನ್ನ ಮುಗಿಯುವ ಹೊತ್ತಿಗೆ ಹೊರಗೆ ಗಲಾಟೆ. ಏಳು ಜನ ಡೆಲಿವರಿಯವರು ಕೌಂಟರಿನ ಮುಂದೆ ಫೋನ್ ಹಿಡಿದು ನಿಂತಿದ್ದಾರೆ. ಅವರ ಫೋನಿನಲ್ಲಿ ಆರ್ಡರ್ ಬಂದು ಅರ್ಧ ಗಂಟೆಯಾಗಿದೆ. ಅತ್ತೆಯ ಕಂಪ್ಯೂಟರಿನಲ್ಲಿ ಒಂದೂ ಇಲ್ಲ, ಗಂಟೆಯೇ ಬಾರಿಸಿಲ್ಲ. ನನಗೆ ಕೂಡಲೇ ಹೊಳೆಯಿತು. ಅತ್ತೆ ಮದುವೆ ಊಟದ ಮೇಲ್‌ಗೆ ಉತ್ತರ ಬರೆಯುತ್ತ ಕೂತಿದ್ದರು. ಅಷ್ಟು ಹೊತ್ತೂ ಆರ್ಡರಿನ ಪುಟವನ್ನು ಯಾರೂ ಮುಟ್ಟಿರಲಿಲ್ಲ. ನಾನು ಒತ್ತಿದ ಗುಂಡಿ ಅದನ್ನೂ ಮಲಗಿಸಿತ್ತು.

ಚಿಕ್ಕಪ್ಪ ಎಲ್ಲರೆದುರೇ ಕೇಳಿದರು, "ಇದಕ್ಕೆ ಯಾರು ಎಂತ ಮಾಡಿದ್ದು?"

"ನಾನೇ ಎಂತದೋ ಒತ್ತಿದ್ದು," ಎಂದರು ಅತ್ತೆ.

"ವಿಡುಂಗ ಅಕ್ಕ, ಬಿಟ್ಟುಬಿಡಿ. ಇನ್ನು ನಿಮಗಿದು ಸೆಟ್ ಆಗೂದಿಲ್ಲ. ನಾಳೆಯಿಂದಲೇ ರೆಸ್ಟ್ ತಗೊಳ್ಳಿ."

ನಾನು ಕೈಯೂ ತೊಳೆಯದೆ ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕಂಪ್ಯೂಟರ್ ಗೊತ್ತಿರುವ ಹುಡುಗಿ ಎಂದು ಚಿಕ್ಕಪ್ಪ ನೆಂಟರೆದುರು ಹೊಗಳುತ್ತಿದ್ದದ್ದು ನನ್ನನ್ನು. ಆ ಹೆಸರು ಹೋದೀತೆಂದು ಹೆದರಿದೆ. ನಾಚಿಕೆಯ ವಿಷಯ, ಆದರೂ ನಿಜ.

ಅತ್ತೆ ಏಳು ಜನರನ್ನೂ ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಡಿಸಿದರು. ಅವರ ಫೋನುಗಳನ್ನೇ ನೋಡಿ ಆರ್ಡರ್ ಕೂಗಿ, ಏಳೂ ಚೀಲ ಕಟ್ಟಿ ಕಳಿಸಿದರು. ಆಮೇಲೆ ನನ್ನ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಬೈಯುತ್ತಾರೆಂದುಕೊಂಡೆ. ಅವರು ತೋರಿಸಿದ್ದು ಒಲೆಗಳನ್ನು.

"ನೋಡು. ಇಡ್ಲಿ ಬೇಯಿಸುವ ಅಟ್ಟದ ಒಲೆ ಆರಿಸಿದ್ದಾರೆ. ಎಣ್ಣೆ ಬಾಣಲೆಯದ್ದೂ ಆರಿಸಿದ್ದಾರೆ. ಈ ದೋಸೆ ಕಾವಲಿಗೆ ಊಟದ ಹೊತ್ತಲ್ಲಿ ಯಾರೂ ಹಿಟ್ಟು ಹೊಯ್ಯೂದಿಲ್ಲ. ಆದ್ರೂ ಕೆಳಗೆ ಸಣ್ಣ ಉರಿ ಉಂಟಲ್ಲ, ಎಂತಕ್ಕೆ?"

ಗೊತ್ತಿತ್ತು. ಹೋಟೆಲಿನ ಮನೆಯಲ್ಲಿ ಬೆಳೆದವರಿಗೆ ಎಲ್ಲರಿಗೂ ಗೊತ್ತು. ಕಾವಲಿ ಒಮ್ಮೆ ತಣ್ಣಗಾದರೆ ಮತ್ತೆ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ, ಮೊದಲ ನಾಲ್ಕು ದೋಸೆ ಹರಿದೇ ಹೋಗುತ್ತವೆ. ಬೆಳಿಗ್ಗೆ ಹೊತ್ತಿಸಿದ್ದನ್ನು ಹೋಟೆಲು ಮುಚ್ಚುವ ತನಕ ಆರಿಸುವುದಿಲ್ಲ.

"ಸುಮ್ಮನೆ ಇರೂದಕ್ಕೂ ಕೆಲಸ ಇಲ್ಲದೆ ಇರೂದಕ್ಕೂ ವ್ಯತ್ಯಾಸ ಉಂಟು ಮಾರಾಯ್ತಿ. ನಿನ್ನ ಗುಂಡಿಗೆ ಅದು ಗೊತ್ತಾಗೂದಿಲ್ಲ. ಇದನ್ನು ಮಾತ್ರ ಮಲಗಿಸ್ಬೇಡ ಅಂತ ಹೇಳ್ಲಿಕ್ಕೆ ಅದರಲ್ಲಿ ಜಾಗ ಇಲ್ವಾ?"

ಇತ್ತು. ಅದೇ ಗುಂಡಿಯ ಕೆಳಗೇ ಇತ್ತು. ಯಾವಾಗಲೂ ಎಚ್ಚರವಾಗಿಡಬೇಕಾದ ಪುಟಗಳ ಪಟ್ಟಿ. ನಾನು ಅಲ್ಲಿಯ ತನಕ ಕಣ್ಣು ಹಾಯಿಸಿಯೇ ಇರಲಿಲ್ಲ. ಕೌಂಟರಿಗೆ ಬಂದು ತೋರಿಸಿದೆ. ಅತ್ತೆ ಆ ಕಾಲುವೆ ಬಿದ್ದ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿ ಆರ್ಡರಿನ ಪುಟವನ್ನು ಅದರಲ್ಲಿ ಸೇರಿಸಿದರು. ಆಮೇಲೆ ತಮ್ಮನ ಎದುರು ಹೋಗಿ ನಿಂತರು.

"ನಾಳೆ ಬರ್ತೇನೆ. ನಾಡಿದ್ದೂ ಬರ್ತೇನೆ. ಈ ಕಂಪ್ಯೂಟರ್ ಸಾಕು, ಹೊಸತು ಬೇಡ. ಇನ್ನೊಂದು ಆರ್ಡರ್ ತಪ್ಪಿದ್ರೆ ನೀನು ಹೇಳ್ಬೇಕಾಗಿಲ್ಲ, ನಾನೇ ಎದ್ದು ಹೋಗ್ತೇನೆ. ಅಲ್ಲಿವರೆಗೆ ನನಗೆ ರೆಸ್ಟ್ ಯಾವಾಗ ಬೇಕು ಅಂತ ನಾನು ಹೇಳ್ತೇನೆ, ನೀನಲ್ಲ."

ಚಿಕ್ಕಪ್ಪ ಒಂದು ವಾರ ನೋಡುವ ಎಂದರು. ಆ ವಾರ ಎರಡು ವರ್ಷವಾಯಿತು. ಒಂದು ಆರ್ಡರೂ ತಪ್ಪಲಿಲ್ಲ. ಹೊಸ ಯಂತ್ರವೂ ಬರಲಿಲ್ಲ.

ನಾನು ತಿಂಗಳಿಗೊಮ್ಮೆ ಹೋಗಿ ಅದರ ಧೂಳು ಒರೆಸುತ್ತಿದ್ದೆ. ಎಲ್ಲಕ್ಕಿಂತ ಎಡಗಡೆ ಒಂದು ಟ್ಯಾಬ್ ಸದಾ ಮಲಗಿರುತ್ತಿತ್ತು. ದೀಪದ ಕುಡಿಯಂಥ ಕೆಂಪು ಚಿಹ್ನೆ, ಅದರ ಸುತ್ತ ಮಲಗಿದ ಪುಟಕ್ಕೆ ಬರುವ ಚುಕ್ಕಿ ಗೆರೆ. ಒಮ್ಮೆ ಒತ್ತಲು ಹೋದಾಗ ಅತ್ತೆ ನನ್ನ ಕೈ ತಡೆದರು. "ಅದನ್ನು ಎಬ್ಬಿಸ್ಬೇಡ. ಅದರ ದಿನ ಬೇರೆ." ಯಾವುದೋ ದೇವಸ್ಥಾನದ ಪುಟ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಮಂಗಳವಾರ ಅವರಿಗೆ ರಜೆ. ತಿಂಗಳಿಗೆರಡು ಮಂಗಳವಾರ ಪೋರೂರಿನ ದೇವಸ್ಥಾನಕ್ಕೆಂದು ಮಾಧವರಂನಿಂದ ಅಷ್ಟು ದೂರ ಬಸ್ಸಿನಲ್ಲಿ ಬರುತ್ತಿದ್ದರು. ಮುಗಿಸಿಕೊಂಡು ನನ್ನ ಆಫೀಸಿನ ಗೇಟಿಗೆ ಬಂದು ಫೋನ್ ಮಾಡುತ್ತಿದ್ದರು. ಇಬ್ಬರೂ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದೆವು. "ಇದು ಮೊಸರನ್ನವಾ? ಗೋಡೆಗೆ ಹಚ್ಚಬಹುದು," ಎನ್ನುತ್ತಲೇ ಪೂರ್ತಿ ತಿನ್ನುತ್ತಿದ್ದರು. ನನ್ನನ್ನು ನೋಡಲೆಂದೇ ಬರುತ್ತಾರೆ, ದೇವಸ್ಥಾನ ಒಂದು ನೆಪ ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ.

ಈ ವರ್ಷ ಒಂದು ಬುಧವಾರ ಬೆಳಿಗ್ಗೆ ಅತ್ತೆ ಏಳಲಿಲ್ಲ. ಮಲಗಿದಲ್ಲೇ ಹೋಗಿದ್ದರು. ಸೋಮವಾರ ಕೌಂಟರಿನಲ್ಲಿ ಕೆಲಸ ಮಾಡಿದ್ದರು, ಮಂಗಳವಾರ ನನ್ನ ಜೊತೆ ಉಂಡಿದ್ದರು.

ಹದಿಮೂರನೆಯ ದಿನ ಕಳೆದ ಮೇಲೆ ಹೋಟೆಲು ತೆರೆಯಿತು. ಆ ಕಂಪ್ಯೂಟರಿನಲ್ಲಿ ಬೇಕಾದದ್ದು ಏನಿದೆ ನೋಡಿಕೊಡು ಎಂದು ಚಿಕ್ಕಪ್ಪ ಕರೆದರು. ನಾನು ಅತ್ತೆಯ ಸ್ಟೂಲಿನ ಮೇಲೆ ಕೂರದೆ ನಿಂತುಕೊಂಡೇ ಒಂದೊಂದು ಟ್ಯಾಬ್ ನೋಡಿದೆ. ಕೊನೆಗೆ ಎಡತುದಿಯದ್ದನ್ನು ಒತ್ತಿದೆ. ಅದು ನಿಧಾನಕ್ಕೆ ಎದ್ದು ಬಂತು. ಪೋರೂರಿನ ಒಂದು ಆಸ್ಪತ್ರೆಯ ಪುಟ. ಹೃದಯದ ವಿಭಾಗ. ಮಂಗಳವಾರದ ಭೇಟಿಗಳು ಸಾಲಾಗಿ ಇದ್ದವು, ಒಂದನ್ನೂ ತಪ್ಪಿಸಿರಲಿಲ್ಲ. ಮೊದಲನೆಯದು ನಾನು ಗುಂಡಿ ಒತ್ತಿದ ಆ ಭಾನುವಾರಕ್ಕಿಂತ ಎರಡು ವಾರ ಹಿಂದಿನದು. ಅದರ ಕೆಳಗೆ ವೈದ್ಯರ ಸಲಹೆ: ಮಾತ್ರೆ ತಪ್ಪಿಸಬಾರದು, ಪೂರ್ಣ ವಿಶ್ರಾಂತಿ ಬೇಕು.

ಅಂದರೆ ತಮ್ಮನ ಎದುರು ಹಾಗೆ ನಿಂತ ದಿನ ಅವರಿಗೆ ಎಲ್ಲ ಗೊತ್ತಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು. ನಲವತ್ತಕ್ಕೂ ಹೆಚ್ಚು ಸಲ ಎದುರು ಕೂತು ಉಂಡವರು ನನಗೆ ಒಂದು ಮಾತು ಹೇಳಲಿಲ್ಲ. ಮನೆಯಲ್ಲಿ ಕೂತಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೇನೋ. ನೆಂಟರು ಈಗ ಅದನ್ನೇ ಹೇಳುತ್ತಾರೆ. ಹೇಳಲಿ. ಕಾಯಿಲೆಗೆ ಕೊಡಬೇಕಾದ ದಿನ ಕೊಟ್ಟು, ಮಿಕ್ಕ ದಿನ ಅದನ್ನು ಮೂಲೆಯಲ್ಲಿ ಮಲಗಿಸಿ, ತಮಗೆ ಬೇಕಾದ ಕಡೆ ಕೂತು ಬದುಕಿದವರನ್ನು ತಪ್ಪು ಮಾಡಿದರು ಎನ್ನಲು ನಾನು ಒಪ್ಪುವುದಿಲ್ಲ.

ಚಿಕ್ಕಪ್ಪ ನನ್ನ ಹಿಂದೆ ನಿಂತು ಎಲ್ಲ ಓದಿದ್ದರು. ಕನ್ನಡಕ ತೆಗೆದರು. "ಅದನ್ನು ಮುಚ್ಚು," ಎಂದರು.

"ಮುಚ್ಚೂದಿಲ್ಲ ಚಿಕ್ಕಪ್ಪ. ಅಲ್ಲೇ ಮಲಗಿರಲಿ." ಅವರ ಮಾತಿಗೆ ನಾನು ಎದುರು ಹೇಳಿದ್ದು ಅದೇ ಮೊದಲು. ಬಾಯಿ ತೆರೆದದ್ದಾಯಿತಲ್ಲ, ಉಳಿದದ್ದನ್ನೂ ಹೇಳಿದೆ. "ಆವತ್ತು ಆರ್ಡರಿನ ಪುಟ ಮಲಗಿಸಿದ್ದು ಅತ್ತೆ ಅಲ್ಲ. ನಾನು."

"ಗೊತ್ತುಂಟು," ಎಂದರು. "ಸೆಟ್ಟಿಂಗ್ಸ್ ಎಲ್ಲಿ ಉಂಟು ಅಂತ ಅಕ್ಕನಿಗೆ ಆವತ್ತು ಗೊತ್ತೇ ಇರ್ಲಿಲ್ಲ. ನೀನು ಹೇಳ್ತೀಯಾ ಅಂತ ಕಾದೆ."

ಅಷ್ಟರಲ್ಲಿ ಗಂಟೆ ಬಾರಿಸಿತು. ಅತ್ತೆ ತಮ್ಮ ಕೈಯಾರೆ ಪಟ್ಟಿಗೆ ಸೇರಿಸಿದ ಪುಟ ಎಚ್ಚರವಾಗಿಯೇ ಇತ್ತು. ಎರಡು ಮಸಾಲೆ ದೋಸೆ, ಪಾರ್ಸೆಲ್. ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಸ್ಟೂಲು ಎಳೆದು ಕೂತು, ಆರ್ಡರ್ ಒಪ್ಪಿ, ಅಡುಗೆಮನೆಯ ಕಡೆ ತಿರುಗಿ ಕನ್ನಡದಲ್ಲೇ ಕೂಗಿದೆ, "ಎರಡು ಮಸಾಲೆ. ಕಾವಲಿ ಕಾದಿದೆಯಾ?"

ಒಳಗಿನಿಂದ ದೋಸೆ ಮಾಸ್ಟರು ಹೇಳಿದರು, "ಅದು ಆರಿದ್ದು ಯಾವಾಗ ಮಾರಾಯ್ತಿ?"