ಬೆನ್ನಿಗೆ ತಾಗದ ಕೈಗಳು

ಮಸಾಕ ಪಟ್ಟಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಫೆಡೆರೆಸಿ ನಕಯಿಜ ಕುಕ್ಕರುಗಾಲಲ್ಲಿ ಕೂತು ಒಂದು ಹಲಗೆ ಒರೆಸುತ್ತಿದ್ದಾರೆ. ಅದರ ನಾಲ್ಕು ಮೂಲೆಗಳಡಿ ಭಾರ ಗ್ರಹಿಸುವ ಸೆನ್ಸರ್‌ಗಳಿವೆ. ಮೇಲೆ ನಿಂತವರ ಮೈ ಎತ್ತ, ಎಷ್ಟು ವಾಲಿತೆಂದು ಪರದೆಯಲ್ಲಿ ಗೆರೆ ಮೂಡುತ್ತದೆ. ಪಾರ್ಶ್ವವಾಯು ಹೊಡೆದವರು, ಕಾಲು ಮುರಿದು ಎದ್ದವರು ಇಲ್ಲಿಗೆ ಬರುತ್ತಾರೆ.

ಕಣ್ಣು ತೆರೆದು ಅರ್ಧ ನಿಮಿಷ, ಮುಚ್ಚಿ ಅರ್ಧ ನಿಮಿಷ ನಿಲ್ಲಬೇಕು. ಹೀಗೆ ಮೂರು ಸಲ. ಅಷ್ಟು ಹೊತ್ತೂ ಫೆಡೆರೆಸಿ ಅವರ ಬೆನ್ನ ಹಿಂದೆ ನಾಲ್ಕು ಬೆರಳಿನ ಅಂತರದಲ್ಲಿ ಕೈ ಚಾಚಿ ನಿಂತಿರುತ್ತಾರೆ. ಕೈ ತಾಗಿದರೆ ಅಳತೆ ಕೆಡುತ್ತದೆ, ದೂರವಾದರೆ ಹಿಡಿಯಲಾಗದು. ದಿನಕ್ಕೆ ಹದಿನೆಂಟು ಮಂದಿ. ಹನ್ನೊಂದು ವರ್ಷವಾಯಿತು. "ಸಂಜೆ ಹೊತ್ತಿಗೆ ಭುಜ ಇದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಕೋತೀನಿ" ಎನ್ನುತ್ತಾರೆ, ತಣ್ಣಗಾದ ಮರಗೆಣಸನ್ನು ನಿಂತೇ ತಿನ್ನುತ್ತ.

ಈಕೆ ಮೊದಲು ವಾರ್ಡು ಗುಡಿಸುತ್ತಿದ್ದವರು. ಈಗ ಈ ಕೆಲಸವೂ ಕೈತಪ್ಪುವಂತಿದೆ. ಹೋದ ತಿಂಗಳು ಹಿರಿಯ ಡಾಕ್ಟರ್ ಕಿಗೊಂಗೊ ಪರೀಕ್ಷೆಯ ನಡುವೆ ಒಳಬಂದರು. ಹಲಗೆಯ ಮೇಲಿದ್ದ ಹೆಂಗಸು ನಮಸ್ಕರಿಸಲು ಮಂಡಿಯೂರಲು ಹೋದರು. ಈ ಊರಲ್ಲಿ ದೊಡ್ಡವರು ಬಂದರೆ ಹೆಂಗಸರು ನಿಂತೇ ಇರುವುದುಂಟೇ? ಫೆಡೆರೆಸಿಯ ಕೈ ಹಿಂದಿತ್ತು, ಆಕೆ ಮುಂದಕ್ಕೆ ಬಿದ್ದರು. ಮಣಿಕಟ್ಟು ಮುರಿಯಿತು. ಇನ್ನೊಬ್ಬರು ಬಿದ್ದರೆ ಕೆಲಸವಿಲ್ಲವೆಂದು ಕಚೇರಿಯಿಂದ ಕಾಗದ ಬಂದಿದೆ.

ಇವತ್ತು ಮೊದಲು ಬಂದವರು ಬಾಳೆಕಾಯಿ ಮಾರುವ ತೆಜಿರಾ. ಕಣ್ಣು ಮುಚ್ಚಿ ನಿಂತಿದ್ದಾರೆ. ಹೊರಗೆ ಡಾಕ್ಟರು ಕೆಮ್ಮುತ್ತಾರೆ. ತೆಜಿರಾ ಮಂಡಿಯೂರಲು ಬಗ್ಗತೊಡಗುತ್ತಾರೆ.

"ಬೇಡ ಅಕ್ಕ, ಬಗ್ಗಬೇಡಿ."

"ದೊಡ್ಡೋರು ಬಂದ್ರಲ್ಲೇ. ಕಂಬದ ಹಾಗೆ ನಿಂತಿರ್ಲಾ? ನಮ್ಮತ್ತೆಗೆ ಗೊತ್ತಾದ್ರೆ ಇನ್ನೊಂದು ಕಾಲೂ ಮುರೀತಾಳೆ."

"ಕಂಬದ ಹಾಗೇ ನಿಂತಿರಿ. ನಿಮ್ಮ ಪಾಲಿನ ನಮಸ್ಕಾರಾನೂ ನಾನೇ ಮಾಡ್ತೀನಿ."

ಬಾಗಿಲು ಅಲುಗುತ್ತದೆ. ಫೆಡೆರೆಸಿ ಕೈ ಕದಲಿಸದೆ ಹೇಳುತ್ತಾರೆ: "ಡಾಕ್ಟ್ರೇ, ಅಲ್ಲೇ ನಿಂತ್ಕೊಳ್ಳಿ."

ಬಾಗಿಲು ಅಲ್ಲಿಗೇ ನಿಲ್ಲುತ್ತದೆ. ಪರದೆಯ ಗೆರೆ ನಿಧಾನವಾಗಿ ಸಮವಾಗುತ್ತದೆ. ಅರ್ಧ ನಿಮಿಷ ಮುಗಿದ ಮೇಲೆ ತೆಜಿರಾರನ್ನು ಕುರ್ಚಿಯಲ್ಲಿ ಕೂರಿಸಿ, ಫೆಡೆರೆಸಿ ಹೊರಹೋಗಿ ಡಾಕ್ಟರ ಮುಂದೆ ಎರಡು ಸಲ ಮಂಡಿಯೂರುತ್ತಾರೆ.

"ನನ್ನ ಆಸ್ಪತ್ರೇಲಿ ನನ್ನನ್ನೇ ನಿಲ್ಲಿಸ್ತೀಯೇನಮ್ಮ?"

"ಬೇಕಾದ್ರೆ ಬೈಯ್ರಿ ಡಾಕ್ಟ್ರೇ. ಅಕ್ಕ ಬೀಳ್ಲಿಲ್ಲ."

ಅವರು ಬೈಯುವುದಿಲ್ಲ. ಪರದೆಯತ್ತ ಒಮ್ಮೆ ಇಣುಕಿ ಹೊರಟುಹೋಗುತ್ತಾರೆ. ಹೊರಗಿನ ಬೆಂಚಿನ ಮೇಲೆ ಇನ್ನೂ ಹದಿನೇಳು ಮಂದಿ ಕೂತಿದ್ದಾರೆ.

ಏನು ಬೇಕೆಂದು ಕೇಳಿದರೆ ಫೆಡೆರೆಸಿ ಸಂಬಳದ ಮಾತೆತ್ತುವುದಿಲ್ಲ, ರಜೆಯದ್ದೂ ಇಲ್ಲ. ಭುಜ ನೀವಿಕೊಳ್ಳುತ್ತ ಬಾಗಿಲು ನೋಡುತ್ತಾರೆ.

"ಒಳಗಡೆಯಿಂದ ಒಂದು ಚಿಲಕ ಹಾಕಿಸ್ಕೊಟ್ರೆ ಸಾಕು. ದೊಡ್ಡೋರಿಗೆ ದಿನಾ ನಿಲ್ಲಿ ಅನ್ನೋಕೆ ನನಗೆ ಬಾಯಿ ಬರಲ್ಲ. ಚಿಲಕ ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ."