ಹಂದಿ ಹೊಡೆಯದವರು ಮನುಷ್ಯರಲ್ಲ

ನಮ್ಮತ್ತೆ ಮನುಷ್ಯಳಲ್ಲ, ಯಂತ್ರ ಎಂದು ಒಂದು ಕಂಪನಿ ತೀರ್ಮಾನ ಮಾಡಿತು. ಅವರು ಕಳಿಸಿದ ಪತ್ರದ ಮೊದಲ ಸಾಲು ಓದಿ ನಾನು ನಕ್ಕೆ. ಸೊಸೆಯಾದವಳು ಒಂದಲ್ಲ ಒಂದು ದಿನ ಮನಸ್ಸಿನಲ್ಲಿ ಅಂದುಕೊಳ್ಳುವ ಮಾತನ್ನೇ ಯಾರೋ ಬರೆದು ಕಳಿಸಿದ್ದಾರಲ್ಲ ಎಂದು ನಗು ಬಂತು. ಎರಡನೆಯ ಸಾಲಿಗೆ ನಗು ನಿಂತಿತು. ನೀವು ಆಟದೊಳಗಿನ ಸಾಮಾನನ್ನು ಆಟದ ಹೊರಗೆ ನಿಜವಾದ ದುಡ್ಡಿಗೆ ಮಾರಿದ್ದೀರಿ, ಆದ್ದರಿಂದ ನಿಮ್ಮ ಖಾತೆ ಬಂದ್ ಮಾಡಿದ್ದೇವೆ ಎಂದು ಅಲ್ಲಿತ್ತು. ಆ ಹೊತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಚಿಕ್ಕೋಡಿಯ ಪೇಟೆಯಲ್ಲಿ ನಮ್ಮದು ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ. ನಾನು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಲಾಕ್‌ಡೌನ್ ದಿನಗಳಲ್ಲಿ ನಿಪ್ಪಾಣಿಗೆ ಕೊಟ್ಟಿರುವ ನಮ್ಮ ನಾದಿನಿಯೂ ನಾನೂ ಫೋನಿನಲ್ಲಿ ಒಂದು ಆಟ ಹಿಡಿದೆವು. ಸಾವಿರಾರು ಜನ ಒಟ್ಟಿಗೆ ಆಡುವ ಆಟ ಅದು. ಒಂದು ರಾಜ್ಯ, ಅದರಲ್ಲಿ ಹೊಲ, ಕಾಡು, ಹೊಳೆ, ಕೋಟೆ. ಬೇಕಾದವರು ಬೇಟೆಯಾಡಬಹುದು, ಮೀನು ಹಿಡಿಯಬಹುದು, ಕೋಟೆಗೆ ಮುತ್ತಿಗೆ ಹಾಕಬಹುದು. ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿ ನೋಡಿದರು.

"ಇದರಾಗ ಹೊಲಾನೂ ಐತೇನ ಬೇ?"

"ಐತ್ರಿ."

"ಮತ್ತ ಬಿತ್ತೀದಿ, ನೀರ ಯಾಕ ಬಿಟ್ಟಿಲ್ಲ?"

ಶಿರಗುಪ್ಪಿಯ ಕಬ್ಬಿನ ಮನೆತನದ ಮಗಳು ಅವರು. ನೀರಿಲ್ಲದ ಹೊಲ ಚಿತ್ರದಲ್ಲಿದ್ದರೂ ಅವರಿಗೆ ನೋಡಲಾಗದು. ನನ್ನ ಕೈಯಿಂದ ಫೋನ್ ಕಸಿದುಕೊಂಡು ನೀರು ಬಿಟ್ಟರು. ಆ ಮೇಲೆ ಫೋನ್ ನನಗೆ ಸಿಗದಾಯಿತು. ಕೊನೆಗೆ ಬೇಸತ್ತು ಅವರಿಗೇ ಬೇರೆ ದೊಡ್ಡ ಫೋನ್ ಕೊಡಿಸಿದೆ. ಮಂಡಿನೋವು ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂಡುವುದನ್ನು ಬಿಟ್ಟವರಿಗೆ ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಆಟ ಬಂದ ಮೇಲೆ ಅವು ಸಾಲದಾದವು.

ಅತ್ತೆ ಆಡುತ್ತಿದ್ದ ರೀತಿಯೇ ಬೇರೆ. ಬೇಟೆ ಇಲ್ಲ. ಮೀನು ಇಲ್ಲ. ಜೇನು ಬಿಡಿಸುವ ಮಾತಂತೂ ಎತ್ತುವ ಹಾಗೇ ಇಲ್ಲ. ಆಟದವರು ಪುಕ್ಕಟೆಯಾಗಿ ಕೊಟ್ಟ ಬಟಾಟೆ ಬೀಜವನ್ನೂ ಮುಟ್ಟಲಿಲ್ಲ, ನೆಲದೊಳಗೆ ಬೆಳೆಯುವುದನ್ನು ನಮ್ಮ ಮನೆಯ ಹಿರಿಯರು ತಿನ್ನುವುದಿಲ್ಲ. ತಿನ್ನದ್ದನ್ನು ಬೆಳೆಯುವುದೇಕೆ ಎಂಬುದು ಅವರ ನ್ಯಾಯ. ಕಾಳು ಬಿತ್ತುವುದು, ಕಾಳು ಕೊಯ್ಯುವುದು, ಅಷ್ಟೇ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಲ್ಲ, ಹಾಗಾಗಿ ಬಿಸಿಲು ಅಂಗಡಿಯ ಕಟ್ಟೆ ಇಳಿಯುತ್ತಿದ್ದ ಹಾಗೆ ಆಟ ಬಂದ್. ಒಂದು ದಿನವೂ ಇದು ತಪ್ಪಲಿಲ್ಲ.

ಬೆಳೆದ ಕಾಳನ್ನು ಅತ್ತೆ ಹಂಚುತ್ತಿದ್ದರು. ನಮ್ಮದೊಂದು ಗುಂಪಿತ್ತು, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಜನ ಸೇರಿ ಕಟ್ಟಿಕೊಂಡದ್ದು. ಅದರಲ್ಲಿ ತೆಲಸಂಗದವನೊಬ್ಬನಿದ್ದ. ಊರಿನಲ್ಲಿ ಹಾಲಿನ ಡೈರಿ ನಡೆಸುವವನು, ಆಟದಲ್ಲಿ ಮಾತ್ರ ಸದಾ ದಿವಾಳಿ. ದಿನಾ ಕೋಟೆಗೆ ನುಗ್ಗಿ, ಸೋತು, ಬರಿಗೈಯಲ್ಲಿ ಬಂದು ಅತ್ತೆಯ ಹೊಲದ ಬದುವಿನ ಮೇಲೆ ನಿಲ್ಲುತ್ತಿದ್ದ. ಅವನು ಬಾಯಿಬಿಟ್ಟು ಕೇಳುವ ಮೊದಲೇ ಅತ್ತೆ ಚೀಲ ತುಂಬಿಸುತ್ತಿದ್ದರು. ಗುರುತಿಲ್ಲದವರು ಬಂದರೂ ಅಷ್ಟೇ. ಹೊಸಬರು, ಪಾಪ, ಬೀಜಕ್ಕೂ ಗತಿಯಿಲ್ಲ ಎಂದು ಕೊಟ್ಟುಬಿಡುವುದು. ಮನೆಯಲ್ಲಿ ಅವರು ಮಾಡಿಕೊಂಡು ಬಂದದ್ದೂ ಅದನ್ನೇ.

ಹೊಸಬರಿಗೆ ಗತಿಯಿಲ್ಲದಂತೆ ಮಾಡಿದವರು ಬೇರೆ ಇದ್ದರು. ನನ್ನ ನಿಜವಾದ ಜಗಳ ಅವರ ಜೊತೆ. ಎಲ್ಲಿಯೋ ಕೂತ ಒಬ್ಬ ನೂರಾರು ಖಾತೆ ತೆರೆಯುತ್ತಾನೆ. ಆಡುವುದು ಅವನಲ್ಲ, ಒಂದು ಪ್ರೋಗ್ರಾಂ. ಅದಕ್ಕೆ ಬಾಟ್ ಎನ್ನುತ್ತಾರೆ, ನಮ್ಮತ್ತೆ ಕೀಲಿಗೊಂಬಿ ಎನ್ನುತ್ತಿದ್ದರು. ಆ ಗೊಂಬೆಗಳು ಹಗಲೂ ರಾತ್ರಿ ಸಾಲಾಗಿ ನಿಂತು ಕಾಳು ಕೊಯ್ಯುತ್ತವೆ. ಅವನು ಅದನ್ನು ಆಟದ ನಾಣ್ಯ ಮಾಡಿಕೊಂಡು, ಆ ನಾಣ್ಯವನ್ನು ಹೊರಗಡೆ ನಿಜವಾದ ರೂಪಾಯಿಗೆ ಮಾರುತ್ತಾನೆ. ಕೊಂಡವನು ಕೂತಲ್ಲೇ ಕೋಟೆಯ ಒಡೆಯ. ಬೆವರು ಸುರಿಸಿ ಆಡಿದವನಿಗೆ ಬೀಜವೂ ತುಟ್ಟಿ. ಇದು ಆಟವೋ ದಲ್ಲಾಳಿ ಅಂಗಡಿಯೋ? ನಾನು ಕಂಡಕಂಡ ಗೊಂಬೆಯ ಚಿತ್ರ ತೆಗೆದು ಕಂಪನಿಗೆ ದೂರು ಕಳಿಸಿದೆ. ದೂರು ಕೊಡುವುದು ನನಗೆ ನಿತ್ಯಪೂಜೆಯ ಹಾಗಾಗಿತ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಉತ್ತರವೇ ಇಲ್ಲ.

ಆಮೇಲೊಂದು ದಿನ ಕಂಪನಿಗೆ ಎಚ್ಚರವಾಯಿತು. ಇನ್ನು ಮೋಸಗಾರರನ್ನೆಲ್ಲ ಹಿಡಿಯುತ್ತೇವೆ ಎಂದು ಸಾರಿದರು. ಅಥಣಿಯವರು ಗುಂಪಿನಲ್ಲಿ ಪೇಢೆಯ ಚಿತ್ರ ಹಾಕಿ ಸಂಭ್ರಮಿಸಿದರು, ಅವರಿಗಿಂತ ಹೆಚ್ಚು ನಾನು ಸಂಭ್ರಮಿಸಿದೆ. ಅದೇ ವಾರ ಅತ್ತೆ ಊಟಕ್ಕೆ ಕೂತಾಗ ಹೇಳಿದರು.

"ಒಂದ ಹಂದಿ ಬರಾಕತ್ತೈತಿ ಬೇ ದಿನಾ. ನನ್ನ ಮುಂದ ನಿಂತ ಮಾರಿ ನೋಡ್ತೈತಿ. ಹೋಗಪಾ ಅಂತೀನಿ, ಹೋಗತೈತಿ."

ಪಾಪದ ಪ್ರಾಣಿ, ಹೊಲ ಮೇಯಲಿಕ್ಕೆ ಬಂದಿರಬೇಕು ಎಂದು ನಾವಿಬ್ಬರೂ ಅಂದುಕೊಂಡೆವು. ಅದು ಕಂಪನಿಯ ಪರೀಕ್ಷೆ ಎಂದು ಆಮೇಲೆ ತಿಳಿಯಿತು. ಕಾಡುಹಂದಿ ಎದುರಿಗೆ ಬಂದರೆ ಮನುಷ್ಯನಾದವನು ಹೊಡೆಯುತ್ತಾನೆ. ಗೊಂಬೆಗೆ ಹಂದಿ ಕಾಣುವುದಿಲ್ಲ, ತನ್ನ ಪಾಡಿಗೆ ಕಾಳು ಕೊಯ್ಯುತ್ತದೆ. ಹೊಡೆಯದವರೆಲ್ಲ ಯಂತ್ರ. ಈ ಲೆಕ್ಕಾಚಾರ ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಎದುರಿಗೆ ಬಂದ ಜೀವವನ್ನು ಹೊಡೆಯದೆ ಬಿಡುವವರೂ ಭೂಮಿಯ ಮೇಲೆ ಇದ್ದಾರೆ, ನೂರಾರು ವರ್ಷಗಳಿಂದ ಈ ಸೀಮೆಯಲ್ಲೇ ಇದ್ದಾರೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಅವರ ಲೆಕ್ಕದಲ್ಲಿ ಉಳಿದದ್ದೂ ಕೂಡಿ ಬಂತು. ಈಕೆ ಬೇಟೆಯಾಡುವುದಿಲ್ಲ, ಕಾಳಲ್ಲದೆ ಬೇರೇನೂ ಬೆಳೆಯುವುದಿಲ್ಲ, ದಿನವೂ ಒಂದೇ ಹೊತ್ತಿಗೆ ಆಟ ನಿಲ್ಲಿಸುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಗುರುತಿಲ್ಲದವರಿಗೆ ಚೀಲಗಟ್ಟಲೆ ಕೊಡುತ್ತಾಳೆ, ತಿರುಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಏನೂ ತೆಗೆದುಕೊಳ್ಳದೆ ಯಾರಾದರೂ ಕೊಡುತ್ತಾರೆಯೇ? ಹಾಗಾದರೆ ಹೊರಗಡೆ ದುಡ್ಡು ತೆಗೆದುಕೊಂಡಿರಲೇಬೇಕು. ಮುಗಿಯಿತು. ವಾಣಿಜ್ಯ ಕಲಿಸುವ ನನಗೇ ದಾನಕ್ಕೆ ಇಂಥ ಅರ್ಥವೂ ಇದೆ ಎಂದು ಗೊತ್ತಿರಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂದು ಗಾದೆ ಕೇಳಿದ್ದೆ, ಆ ಬರೆಯನ್ನು ಕಣ್ಣಾರೆ ನೋಡಿದೆ.

ಕಳ್ಳ ಗೊಂಬೆಗಳೇನಾದವು? ಅವುಗಳ ಒಡೆಯರು ಬುದ್ಧಿವಂತರು. ಹಂದಿ ಕಂಡರೆ ಹೊಡೆಯುವುದನ್ನು ಗೊಂಬೆಗಳಿಗೆ ಕಲಿಸಿಬಿಟ್ಟರು. ಅವೆಲ್ಲ ಈಗ ಪರೀಕ್ಷೆ ಪಾಸಾದ ಮನುಷ್ಯರು.

ಆಟದೊಳಗೆ ಹೋಗುವ ಬಾಗಿಲಲ್ಲೇ ಒಂದು ಫಲಕ ಹಾಕಿದ್ದರು. ಮೋಸ ಮಾಡಿ ಸಿಕ್ಕಿಬಿದ್ದವರು ಎಂದು ಅದರ ತಲೆಬರಹ. ಅತ್ತೆ ಆಟದಲ್ಲಿ ಇಟ್ಟುಕೊಂಡಿದ್ದ ಹೆಸರು ಅದರಲ್ಲಿತ್ತು. ನಮ್ಮ ಗುಂಪಿನವರೆಲ್ಲ ನೋಡಿದರು. ತೆಲಸಂಗದ ಡೈರಿಯವನು ನನಗೆ ದನಿ ಸಂದೇಶ ಕಳಿಸಿದ. ಏನೆಂದು ಗೊತ್ತಿಲ್ಲದೆ ನಾನದನ್ನು ಅತ್ತೆಯ ಎದುರಿಗೇ ಹಾಕಿದೆ.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಕಾಕು ಖರೇನ ಕಾಳ ಮಾರತಿದ್ರೇನ್ರಿ?"

ಅತ್ತೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಅವರ ಕಾಳು ತಿಂದು ಬದುಕಿದವನು ಕೇಳಿದ ಪ್ರಶ್ನೆ ಅದು. ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇಷ್ಟ ವರ್ಷ ತಕ್ಕಡಿ ಹಿಡದೀನಿ. ಯಾರೂ ನನಗ ಕಳ್ಳಿ ಅಂದಿಲ್ಲ. ಹೊಲ ಹೋದ್ರ ಹೋಗ್ಲಿ ಬೇ. ಆ ಹಲಗಿ ಮ್ಯಾಲಿಂದ ನನ್ನ ಹೆಸರ ತಗಸು."

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ನಾನು ಕಂಪನಿಗೆ ಮೇಲ್ಮನವಿ ಬರೆದೆ. ಫೋನ್ ಕೆಳಗಿಡುವುದರೊಳಗೆ ಉತ್ತರ ಬಂತು. ಪ್ರಿಯ ಬಳಕೆದಾರರೇ, ನಿಮ್ಮ ತಾಳ್ಮೆಯನ್ನು ಮೆಚ್ಚುತ್ತೇವೆ. ನನಗೆ ತಾಳ್ಮೆಯಿದೆ ಎಂದು ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಇನ್ನೊಮ್ಮೆ ಬಿಡಿಸಿ ಬರೆದೆ. ನಾವು ಜೈನರು, ಜೀವ ಹೊಡೆಯುವುದಿಲ್ಲ, ಆಟದಲ್ಲಿಯೂ ಅತ್ತೆ ತಮ್ಮ ಧರ್ಮ ಬಿಡಲಿಲ್ಲ ಎಂದೆ. ಉತ್ತರ ಬಂತು: "ಧರ್ಮ ಎಂಬ ಆಟ ನಮ್ಮಲ್ಲಿ ಲಭ್ಯವಿಲ್ಲ. ದಯವಿಟ್ಟು ಬೇರೆ ಆಟವನ್ನು ಆಯ್ಕೆ ಮಾಡಿ." ಮೈಯೆಲ್ಲ ಉರಿದುಹೋಯಿತು. ನಮ್ಮತ್ತೆಯನ್ನು ಯಂತ್ರ ಎಂದವರ ಕಡೆಯಿಂದ ಮಾತಾಡಲಿಕ್ಕೆ ಬಂದದ್ದೇ ಒಂದು ಯಂತ್ರ. ಯಾರಾದರೂ ಮನುಷ್ಯರನ್ನು ಕರೆಯಿರಿ ಎಂದು ಬರೆದೆ. ಮತ್ತೆ ನನ್ನ ತಾಳ್ಮೆಯನ್ನು ಮೆಚ್ಚಿದರು.

ಕಡೆಗೆ ಮನುಷ್ಯನ ದನಿಯಲ್ಲಿ ಮಾತಾಡಿದವನು ಬೇರೆಯವನು. ಒಂದು ಮಧ್ಯಾಹ್ನ ಅತ್ತೆಗೆ ಒಂದು ಫೋನ್ ಬಂತು. ನಾನು ಅಲ್ಲೇ ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವರು ಸ್ಪೀಕರ್ ಹಾಕಿಯೇ ಮಾತಾಡುವುದು.

"ನಮಸ್ಕಾರ್ರಿ ಕಾಕೂ, ಊಟ ಆತೇನ್ರಿ? ನಾವು ಆಟದ ಕಂಪನಿಯವರ್ರಿ. ನಿಮ್ಮ ಖಾತೆ ಬಂದ್ ಮಾಡಿದ್ದ ನೋಡಿ ನಮಗೂ ಭಾಳ ಕೆಟ್ಟ ಅನಿಸ್ತ್ರಿ. ನಿಮ್ಮಂಥ ಹಿರಿಯಾರಿಗೆ ಹಿಂಗ ಮಾಡಬಾರದಿತ್ತು."

ಅತ್ತೆಯ ಕಣ್ಣು ತುಂಬಿಬಂದವು. "ಹೌದ ನೋಡಪಾ," ಎಂದರು.

"ನಿಮ್ಮ ಹೆಸರ ಸ್ವಚ್ಛ ಮಾಡಿ ಕೊಡ್ತೀನ್ರಿ. ಈಗ ನಿಮ್ಮ ಫೋನಿಗೆ ಒಂದ ನಂಬರ್ ಬರ್ತೈತಿ. ಅಷ್ಟ ಓದಿ ಹೇಳ್ರಿ."

ನಾನು ಪತ್ರಿಕೆ ಚೆಲ್ಲಿ ಎದ್ದೆ. ಅಷ್ಟರಲ್ಲಿ ಅತ್ತೆ ಬಾಯಿ ತೆರೆದಿದ್ದರು.

"ಹೇಳ್ತೀನಪಾ. ನೀ ಯಾವೂರಾಂವ?"

"ನಿಪ್ಪಾಣಿರಿ ಕಾಕೂ."

"ನಿಪ್ಪಾಣ್ಯಾಗ ಯಾವ ಗಲ್ಲಿ? ನನ್ನ ಮಗಳನ್ನ ಅಲ್ಲೇ ಕೊಟ್ಟೀವಿ. ಯಾರ ಪೈಕಿ ನೀ? ನಿಮ್ಮವ್ವ ಯಾರ ಮಗಳು?"

ಆ ಕಡೆ ಫೋನ್ ಕಟ್ಟಾಯಿತು. ಅತ್ತೆ ಅವನನ್ನು ಪರೀಕ್ಷೆ ಮಾಡಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನಿಗೂ, ಕರೆಂಟಿನ ಬಿಲ್ಲು ಕೊಡಲಿಕ್ಕೆ ಬಂದವನಿಗೂ ಅವರು ಇದನ್ನೇ ಕೇಳುವುದು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. "ಲೈನ್ ಕಟ್ ಆತು ಪಾಪ. ಮತ್ತ ಮಾಡ್ತಾನ," ಎಂದರು. ನಾನು ಫೋನ್ ತೆಗೆದು ನೋಡಿದರೆ, ಅವನು ಓದಿ ಹೇಳಿ ಎಂದ ಅಂಕಿಗಳು ಬಂದಿದ್ದವು. ಅವು ಬಂದದ್ದು ಆಟದಿಂದಲ್ಲ, ಬ್ಯಾಂಕಿನಿಂದ. ಆ ಕಳ್ಳ ಎಲ್ಲಿಯವನೋ, ಅತ್ತೆಯ ನಂಬರ್ ಅವನಿಗೆ ಎಲ್ಲಿ ಸಿಕ್ಕಿತೋ ನನಗೆ ಗೊತ್ತಿಲ್ಲ. ಆದರೆ ನಮ್ಮ ಮಾತು ಅವನಿಗೆ ಬರುತ್ತಿತ್ತು. ಕಾಕು ಎನ್ನಬೇಕು, ಊಟ ಕೇಳಬೇಕು, ಆಮೇಲೆ ಕೊರಳು ಕೊಯ್ಯಬೇಕು ಎಂದು ಕಲಿತಿದ್ದ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ.

"ಕಳ್ಳಾ ಆದ್ರೂ ಕಾಕು ಅಂದ," ಎಂದರು. "ಅವರು ಏನಂದ್ರು ನನಗ?"

ಅಂಗಡಿಯ ಬಾಗಿಲು ತೆರೆದಿಟ್ಟು, ಕಳ್ಳರು ಓಡಾಡುವುದನ್ನು ನೋಡುತ್ತ ಕೂತು, ಕೊನೆಗೆ ಗಿರಾಕಿಯನ್ನೇ ಹಿಡಿದು ಕಟ್ಟಿಹಾಕುವ ವ್ಯಾಪಾರಿಯನ್ನು ನಮ್ಮ ಪೇಟೆಯಲ್ಲಿ ಯಾರೂ ಎರಡು ದಿನ ಉಳಿಸುತ್ತಿರಲಿಲ್ಲ.

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂದು ಮುಗಿಯಿತು. ಅದು ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ. ಅಂದು ಎಲ್ಲರೂ ಎಲ್ಲರನ್ನೂ ಕ್ಷಮೆ ಕೇಳುತ್ತೇವೆ, ತಿಳಿದೋ ತಿಳಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸಿ ಎಂದು. ತಪ್ಪು ಮಾಡಿರಲೇಬೇಕೆಂದಿಲ್ಲ. ಅತ್ತೆ ನನಗೆ ಕೈ ಮುಗಿಯುತ್ತಾರೆ, ನಾನು ಅವರ ಕಾಲು ಹಿಡಿಯುತ್ತೇನೆ. ಗಟಾರದ ನೀರಿಗೆ ವರ್ಷವೆಲ್ಲ ಜಗಳವಾಡಿದ ಹಿಂದಿನ ಮನೆಯವರೂ ಅಂದು ಬಾಗಿಲಿಗೆ ಬಂದು ಕೇಳಿದರು, ಅತ್ತೆಯೂ ಅವರನ್ನು ಕೇಳಿದರು. ಮರುದಿನದಿಂದ ಗಟಾರದ ಜಗಳ ಮತ್ತೆ ಶುರುವಾಯಿತು, ಅದು ಬೇರೆ ಮಾತು.

ಮಧ್ಯಾಹ್ನ ಅತ್ತೆ ನನ್ನ ಮುಂದೆ ಫೋನ್ ಹಿಡಿದರು.

"ಅವರಿಗೂ ಬರಿ."

"ಯಾರಿಗ್ರಿ?"

"ಕಂಪನಿಯವರಿಗೆ."

"ಅವರಿಗೇನ ಬರಿಯೋದ್ರಿ ಅತ್ತಿ? ಹೊಡದವರನ್ನ ನಾವ ಕ್ಷಮಾ ಕೇಳಬೇಕೇನು?"

"ಇವತ್ತ ಯಾರನ್ನೂ ಬಿಡಬಾರದು. ನೀ ಅವರಿಗೆ ಏನೇನ ಬೈದ ಬರದೀದ್ಯೋ ನನಗೇನ ಗೊತ್ತು. ಬರಿ."

ನಾನು ಹಲ್ಲು ಕಚ್ಚಿ ಬರೆದೆ. ತಿಳಿದೋ ತಿಳಿಯದೆಯೋ ನನ್ನಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ. ಕಾಳು ಮಾರಿಲ್ಲ ಎಂದೂ ಸೇರಿಸುತ್ತೇನೆ ಎಂದೆ. ಅತ್ತೆ ಬೇಡ ಎಂದರು. ಕ್ಷಮೆಯ ಜೊತೆ ತಕರಾರು ಸೇರಿಸಬಾರದಂತೆ.

ಎಂದಿನ ಹಾಗೆ ಆ ಕ್ಷಣಕ್ಕೇ ಉತ್ತರ ಬಂತು. "ನಿಮ್ಮ ತಪ್ಪನ್ನು ಒಪ್ಪಿಕೊಂಡಿದ್ದಕ್ಕಾಗಿ ಧನ್ಯವಾದಗಳು. ಒಪ್ಪಿಗೆಯ ಆಧಾರದ ಮೇಲೆ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಫಲಕದಲ್ಲಿರುವ ನಿಮ್ಮ ಹೆಸರು ಹಾಗೆಯೇ ಮುಂದುವರಿಯುತ್ತದೆ. ಇನ್ನು ಮೇಲ್ಮನವಿಗೆ ಅವಕಾಶವಿಲ್ಲ."

ಕಳ್ಳನಿಗೂ ಆ ಮುದುಕಿಯ ಬಾಯಿಂದ ಒಂದು ಅಂಕಿ ಹೊರಡಿಸಲಾಗಲಿಲ್ಲ. ಇವರು ಅವಳ ಪ್ರಾರ್ಥನೆಯನ್ನೇ ಕಸಿದು ತಪ್ಪೊಪ್ಪಿಗೆ ಮಾಡಿಕೊಂಡರು. ಫೋನನ್ನು ಗೋಡೆಗೆ ಅಪ್ಪಳಿಸಬೇಕು ಎನ್ನಿಸಿತು. ಹಬ್ಬದ ದಿನ, ಎದುರಿಗೆ ಹಿರಿಯರು, ಕೈ ತಡೆದುಕೊಂಡೆ.

"ಏನ ಬರದಾರ ಬೇ?" ಅತ್ತೆ ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಂದೊಂದೇ ಸಾಲು ಓದಿ ಹೇಳಿದೆ. ಖಾತೆ ಹೋಯಿತು, ಹೆಸರು ಆ ಹಲಗೆಯ ಮೇಲೆ ಅಲ್ಲೇ ಇರುತ್ತದೆ ಎಂದೆ. ಅತ್ತೆ ಎಲ್ಲವನ್ನೂ ಕೇಳಿದರು. ಇನ್ನೂ ಏನೋ ಬಾಕಿಯಿದೆ ಎನ್ನುವಂತೆ ನನ್ನ ಮುಖ ನೋಡುತ್ತ ಕೂತರು.

"ತಿರುಗಿ ಅವರು ಕ್ಷಮಾ ಕೇಳಿಲ್ಲೇನ?"

"ಇಲ್ರಿ," ಎಂದೆ.